ಊದಿದ ಕೈ, ಊದಿದ ಕಾಲು: ಇಳಿಸುವ ಸೂತ್ರಗಳು

ಎಡಗೈಯ ಬಳೆ ಸೋಪು ಹಚ್ಚಿದರೂ ಜಾರಲಿಲ್ಲ. ಜಯನಗರ ನಾಲ್ಕನೇ ಬ್ಲಾಕಿನ ಅಕ್ಕಸಾಲಿಗರ ಅಂಗಡಿಗೆ ಹೋಗಿ ಕತ್ತರಿಸಿ ತೆಗೆಸಬೇಕಾಯಿತು. ಸ್ತನ ಕ್ಯಾನ್ಸರಿಗೆ ಆಪರೇಷನ್ ಆಗಿ, ಕಂಕುಳಿನ ಗ್ರಂಥಿಗಳನ್ನು ತೆಗೆದು, ರೇಡಿಯೇಷನ್ ಮುಗಿದು, ಕೂದಲು ಮತ್ತೆ ಬೆಳೆದು, ಇನ್ನು ಎಲ್ಲ ಮುಗಿಯಿತು ಎಂದು ಬನಶಂಕರಿ ಗುಡಿಯಲ್ಲಿ ನಿಂಬೆಹಣ್ಣಿನ ದೀಪ ಹಚ್ಚಿ ಬಂದ ವರ್ಷವೇ ಅದು. ಮೊದಲು ಉಂಗುರ ಬಿಗಿಯಾಯಿತು, ಆಮೇಲೆ ರವಿಕೆಯ ತೋಳು, ಕೊನೆಗೆ ಬಳೆ. ಇಂಥದ್ದೊಂದು ಬರಬಹುದು ಎಂದು ನನಗೆ ಆಸ್ಪತ್ರೆಯಲ್ಲಿ ಯಾರೂ ಹೇಳಿರಲಿಲ್ಲ. ಲಿಂಫೆಡಿಮಾ ಎಂಬ ಹೆಸರು ಕಿವಿಗೆ ಬೀಳುವ ಹೊತ್ತಿಗೆ ಕೈ ಊದಿ ಎಂಟು ತಿಂಗಳಾಗಿತ್ತು. ಆ ಎಂಟು ತಿಂಗಳನ್ನು ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ.

ಬೆಂಗಳೂರಿನ ಹೆಂಗಸರಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣುವ ಕ್ಯಾನ್ಸರ್ ಸ್ತನದ್ದು. ಕಂಕುಳಿನ ಗ್ರಂಥಿಗಳನ್ನು ಪೂರ್ತಿ ತೆಗೆಸಿಕೊಂಡವರಲ್ಲಿ ಸುಮಾರು ಐವರಿಗೆ ಒಬ್ಬರ ಕೈ ಊದುತ್ತದೆ. ಒಂದೆರಡು ಗ್ರಂಥಿ ಮಾತ್ರ ತೆಗೆದು ನೋಡುವ ಸೆಂಟಿನೆಲ್ ವಿಧಾನದಲ್ಲಿ ನೂರಕ್ಕೆ ಐದಾರು ಮಂದಿಗೆ. ಇದರ ಜೊತೆಗೆ ಆನೆಕಾಲಿನವರು, ಗರ್ಭಕೋಶದ ಕ್ಯಾನ್ಸರಿನ ಆಮೇಲೆ ಕಾಲು ಊದಿದವರು, ಹುಟ್ಟಿನಿಂದಲೇ ನಾಳಗಳು ಸರಿಯಿಲ್ಲದವರು ಇದ್ದಾರೆ. ಇದು ಪೂರ್ತಿ ಹೋಗುವ ಕಾಯಿಲೆಯಲ್ಲ, ಆದರೆ ಇಳಿಯುತ್ತದೆ. ಇಳಿಸುವುದು ಬಲ್ಲವರ ಕೈಯಲ್ಲಿದೆ, ಇಳಿದದ್ದನ್ನು ಹಾಗೇ ಉಳಿಸಿಕೊಳ್ಳುವುದು ನಮ್ಮ ಕೈಯಲ್ಲಿದೆ. ಏಳು ವರ್ಷ ಈ ಕೈ ಜೊತೆ ಬಾಳಿ ನಾನು ಕಲಿತದ್ದು ಇಷ್ಟು.

1. ಯಾವ ಊತ ಎಂದು ಮೊದಲು ಗೊತ್ತುಮಾಡಿಕೊಳ್ಳಿ

ಎರಡೂ ಕಾಲು ಊದಿದರೆ ಹೃದಯ, ಮೂತ್ರಪಿಂಡ, ಲಿವರ್, ಥೈರಾಯ್ಡ್ ಎಲ್ಲವನ್ನೂ ನೋಡಿಸಬೇಕು. ಬಿಪಿಗೆ ಕೊಡುವ ಆಮ್ಲೋಡಿಪಿನ್ ಮಾತ್ರೆಯಿಂದಲೂ ಪಾದ ಊದುವುದುಂಟು. ಒಂದೇ ಕಾಲು ದಿಢೀರನೆ ಊದಿ ಮೀನಖಂಡ ನೋಯುತ್ತಿದ್ದರೆ ಅದು ರಕ್ತ ಹೆಪ್ಪುಗಟ್ಟಿದ್ದಿರಬಹುದು, ಅವತ್ತೇ ಆಸ್ಪತ್ರೆಗೆ ಹೋಗಿ. ಕ್ಯಾನ್ಸರ್ ಆದವರಿಗೆ ಹೊಸದಾಗಿ ಊತ ಬಂದರೆ, ಅಥವಾ ಇದ್ದ ಊತ ಇದ್ದಕ್ಕಿದ್ದಂತೆ ಏರಿದರೆ, ಕಾಯಿಲೆ ಮರಳಿಲ್ಲವೆಂದು ಖಾತರಿ ಮಾಡಿಕೊಳ್ಳುವುದು ಮೊದಲ ಕೆಲಸ.

ಮನೆಯಲ್ಲೇ ನೋಡಬಹುದಾದ ಒಂದು ಗುರುತಿದೆ. ಕಾಲಿನ ಎರಡನೇ ಬೆರಳಿನ ಬುಡದ ಚರ್ಮವನ್ನು ಎರಡು ಬೆರಳಲ್ಲಿ ಚಿವುಟಿ ಎತ್ತಿ. ಮಡಿಕೆ ಬಾರದಷ್ಟು ದಪ್ಪವಾಗಿದ್ದರೆ ಲಿಂಫೆಡಿಮಾ ಎಂಬ ಅನುಮಾನ ಗಟ್ಟಿ. ಸ್ಟೆಮ್ಮರ್ ಎಂಬ ವೈದ್ಯರ ಹೆಸರಿನ ಪರೀಕ್ಷೆ ಇದು. ಮಡಿಕೆ ಬಂದ ಮಾತ್ರಕ್ಕೆ ಕಾಯಿಲೆ ಇಲ್ಲವೆಂದಲ್ಲ, ಶುರುವಿನಲ್ಲಿ ಬರುತ್ತದೆ.

2. ನೀರಿಗೆ ದಾರಿ ಎಲ್ಲಿ ಕಟ್ಟಿದೆ ಎಂದು ತಿಳಿಯಿರಿ

ರಕ್ತನಾಳಗಳ ಜೊತೆಗೆ ಮೈಯಲ್ಲಿ ಇನ್ನೊಂದು ಕಾಲುವೆ ಜಾಲವಿದೆ. ಜೀವಕೋಶಗಳ ನಡುವೆ ಸೋರಿದ ನೀರು, ಪ್ರೋಟೀನು, ಸೋಂಕಿನ ಕಸ ಎಲ್ಲವನ್ನೂ ಬಳಿದುಕೊಂಡು, ಗ್ರಂಥಿಗಳಲ್ಲಿ ಸೋಸಿ, ಕುತ್ತಿಗೆಯ ಬುಡದಲ್ಲಿ ರಕ್ತಕ್ಕೆ ಮರಳಿಸುವ ದುಗ್ಧರಸದ ಕಾಲುವೆಗಳು ಅವು. ಅದಕ್ಕೆ ಹೃದಯದಂಥ ಪಂಪಿಲ್ಲ. ನಾಳಗಳು ತಾವೇ ಹಿಂಡಿಕೊಳ್ಳಬೇಕು, ಸ್ನಾಯು ಅಲುಗಾಡಬೇಕು, ಉಸಿರು ಎಳೆಯಬೇಕು. ಕಂಕುಳಿನಲ್ಲೋ ತೊಡೆಸಂದಿನಲ್ಲೋ ಗ್ರಂಥಿ ತೆಗೆದರೆ, ರೇಡಿಯೇಷನ್‌ನಿಂದ ಗಟ್ಟಿಯಾದರೆ, ಆನೆಕಾಲಿನ ಹುಳು ನಾಳಗಳನ್ನು ಕೆಡಿಸಿದರೆ, ಹಿಂದಿನ ನೀರು ಹಿಂದೆಯೇ ನಿಲ್ಲುತ್ತದೆ.

ಮಳೆಗಾಲದಲ್ಲಿ ಬಿಟಿಎಂ ಲೇಔಟಿನ ತಗ್ಗಿನಲ್ಲಿ ಇದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ರಾಜಕಾಲುವೆ ಕಟ್ಟಿಕೊಂಡರೆ ನಮ್ಮ ರಸ್ತೆಯ ನೀರು ನಮ್ಮ ಹೊಸಿಲಿಗೇ ಬರುತ್ತದೆ. ಹೊಸಿಲ ನೀರನ್ನು ಬಕೆಟ್ಟಿನಲ್ಲಿ ಎತ್ತಿ ಚೆಲ್ಲಿ ಪ್ರಯೋಜನವಿಲ್ಲ, ಮುಂದಿನ ಕಾಲುವೆಯ ಹೂಳು ಮೊದಲು ತೆಗೆಯಬೇಕು. ಥೆರಪಿಯವರು ಮೊದಲ ದಿನ ನನ್ನ ಕುತ್ತಿಗೆ ಸವರತೊಡಗಿದಾಗ "ಊದಿರೋದು ಕೈ ಅಲ್ವೇನಮ್ಮ?" ಎಂದು ಕೇಳಿಬಿಟ್ಟಿದ್ದೆ. "ಮುಂದೆ ಜಾಗ ಮಾಡದೆ ಹಿಂದಿನದನ್ನ ಎಲ್ಲಿಗೆ ಕಳಿಸಲಿ ಆಂಟಿ?" ಎಂದಳು ಆ ಹುಡುಗಿ.

ನೀರು ಹೋಗುವ ಮಾತ್ರೆ ಇದಕ್ಕೆ ಕೆಲಸ ಮಾಡದಿರುವುದೂ ಇದೇ ಕಾರಣಕ್ಕೆ. ಮಾತ್ರೆ ನೀರನ್ನು ಎಳೆಯುತ್ತದೆ, ಪ್ರೋಟೀನು ಅಲ್ಲೇ ಉಳಿದು ಮತ್ತೆ ನೀರು ಕರೆಯುತ್ತದೆ. ಬಿಪಿಗೋ ಹೃದಯಕ್ಕೋ ಆ ಮಾತ್ರೆ ಬರೆದಿದ್ದರೆ ನಿಲ್ಲಿಸಬೇಡಿ, ಕೈ ಇಳಿಯಲಿ ಎಂದು ಶುರುಮಾಡಲೂ ಬೇಡಿ. ಕುಡಿಯುವ ನೀರು ಕಡಿಮೆ ಮಾಡುವುದರಿಂದಲೂ ಊತ ಇಳಿಯುವುದಿಲ್ಲ.

3. ಬೇಗ ಹೋಗಿ

ಶುರುವಿನಲ್ಲಿ ಊತ ಮೆತ್ತಗಿರುತ್ತದೆ. ಬೆರಳಿಂದ ಒತ್ತಿದರೆ ಗುಳಿ ಬೀಳುತ್ತದೆ, ರಾತ್ರಿ ಕೈ ಎತ್ತರದಲ್ಲಿಟ್ಟು ಮಲಗಿದರೆ ಬೆಳಿಗ್ಗೆ ಇಳಿದಿರುತ್ತದೆ. ತಿಂಗಳುಗಳು ಕಳೆದಂತೆ ಒಳಗೆ ನಾರು ಮತ್ತು ಕೊಬ್ಬು ತುಂಬಿ ಗಟ್ಟಿಯಾಗುತ್ತದೆ. ಆಮೇಲೆ ದಿಂಬಿನ ಮೇಲೆ ಎಷ್ಟು ಹೊತ್ತು ಇಟ್ಟರೂ ಇಳಿಯದು. ನಾನು ಕಳೆದುಕೊಂಡ ಎಂಟು ತಿಂಗಳು ಇದೇ.

4. ಮಸಾಜ್ ಮಾಡುವವರನ್ನಲ್ಲ, ಇದನ್ನು ಕಲಿತವರನ್ನು ಹುಡುಕಿ

ಡೆನ್ಮಾರ್ಕಿನ ಎಮಿಲ್ ವೊಡ್ಡರ್ ಮತ್ತು ಅವರ ಹೆಂಡತಿ ಎಸ್ಟ್ರಿಡ್ 1930ರ ದಶಕದಲ್ಲಿ ಫ್ರಾನ್ಸಿನಲ್ಲಿದ್ದಾಗ, ಚರ್ಮವನ್ನು ಹಗುರವಾಗಿ ಎಳೆದು ಬಿಡುವ ಒಂದು ಕೈಕೆಲಸ ರೂಪಿಸಿದರು. 1936ರಲ್ಲಿ ಪ್ಯಾರಿಸಿನಲ್ಲಿ ಅದನ್ನು ತೋರಿಸಿದರು. ಜರ್ಮನಿಯಲ್ಲಿ ಮೈಕೆಲ್ ಫೋಲ್ಡಿ ಅದಕ್ಕೆ ಬ್ಯಾಂಡೇಜು, ವ್ಯಾಯಾಮ, ಚರ್ಮದ ಆರೈಕೆ ಸೇರಿಸಿ ಪೂರ್ತಿ ಚಿಕಿತ್ಸೆಯಾಗಿ ಬೆಳೆಸಿದರು. ಇವತ್ತು ಜಗತ್ತಿನೆಲ್ಲೆಡೆ ನಡೆಯುವುದು ಇದೇ ನಾಲ್ಕು ಕೂಡಿದ ಚಿಕಿತ್ಸೆ. ಮೊದಲ ಹಂತದಲ್ಲಿ ಎರಡರಿಂದ ನಾಲ್ಕು ವಾರ, ಹೆಚ್ಚುಕಡಿಮೆ ದಿನವೂ ಹೋಗಬೇಕು. ಎರಡನೇ ಹಂತ ಬಾಳಿನುದ್ದಕ್ಕೂ ಮನೆಯಲ್ಲಿ.

ಆಪರೇಷನ್ ಎಲ್ಲಿ ಆಯಿತೋ ಅಲ್ಲಿನ ಫಿಸಿಯೋಥೆರಪಿ ವಿಭಾಗದಿಂದ ವಿಚಾರಣೆ ಶುರುಮಾಡಿ. ನಮ್ಮ ಕಡೆಯವರಿಗೆ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆಯಾದ ಕಿದ್ವಾಯಿ ಹೊಸೂರು ರಸ್ತೆಯಲ್ಲೇ ಇದೆ. ಎಲ್ಲಿಗೇ ಹೋದರೂ ಮೂರು ಪ್ರಶ್ನೆ ಕೇಳಿ. ಲಿಂಫೆಡಿಮಾಗೆಂದೇ ಎಷ್ಟು ಗಂಟೆ ತರಬೇತಿ ಆಗಿದೆ? (ಅಮೆರಿಕದಲ್ಲಿ ಪ್ರಮಾಣಪತ್ರಕ್ಕೆ 135 ಗಂಟೆ ಬೇಕು.) ಬ್ಯಾಂಡೇಜ್ ಸುತ್ತುವುದನ್ನು ನನಗೂ ಮನೆಯವರಿಗೂ ಕಲಿಸುತ್ತೀರಾ? ಮೊದಲ ದಿನ ಮತ್ತು ಕೊನೆಯ ದಿನ ಅಳತೆ ತೆಗೆದು ಬರೆದು ಕೊಡುತ್ತೀರಾ? ಮೂರನೆಯದಕ್ಕೆ ಯಾರಾದರೂ ಹಿಂದೆಮುಂದೆ ನೋಡಿದರೆ ನಾನು ಮತ್ತೆ ಹೋಗುವುದಿಲ್ಲ.

ನೋಯುವಂತೆ ಒತ್ತಿ ತಿಕ್ಕುವುದು ಇದಲ್ಲ. ನಾಳಗಳು ಚರ್ಮದ ಕೆಳಗೇ ಇವೆ, ಮಗುವಿನ ಕೆನ್ನೆ ಸವರುವಷ್ಟು ಹಗುರ ಸಾಕು.

5. ಕ್ರೇಪ್ ಬ್ಯಾಂಡೇಜಿಗೆ ಮೋಸ ಹೋಗಬೇಡಿ

ಇದೊಂದನ್ನು ಯಾರಾದರೂ ನನಗೆ ಮೊದಲೇ ಹೇಳಿದ್ದರೆ ಎಷ್ಟೋ ರಾತ್ರಿ ನೋವಿಲ್ಲದೆ ನಿದ್ದೆ ಮಾಡುತ್ತಿದ್ದೆ. ಮೆಡಿಕಲ್ ಶಾಪಿನಲ್ಲಿ ಬ್ಯಾಂಡೇಜ್ ಕೇಳಿದರೆ ಕೊಡುವುದು ಕಾಲು ಉಳುಕಿದಾಗ ಕಟ್ಟುವ ಕ್ರೇಪ್. ಅದು ರಬ್ಬರಿನಂತೆ ತುಂಬಾ ಹಿಗ್ಗುತ್ತದೆ. ನೀವು ಕೈ ಆಡಿಸುವಾಗ ಅದೂ ಜೊತೆಗೆ ಹಿಗ್ಗಿ ಬಿಡುತ್ತದೆ, ಸುಮ್ಮನೆ ಮಲಗಿದಾಗ ಬಿಗಿಹಿಡಿಯುತ್ತದೆ. ನಮಗೆ ಬೇಕಾದದ್ದು ಇದಕ್ಕೆ ತದ್ವಿರುದ್ಧ. ಶಾರ್ಟ್ ಸ್ಟ್ರೆಚ್ ಬ್ಯಾಂಡೇಜ್ ಹೆಚ್ಚು ಹಿಗ್ಗುವುದಿಲ್ಲ. ಕೈ ಆಡಿಸಿದಾಗ ಸ್ನಾಯು ಉಬ್ಬಿ ಆ ಗಟ್ಟಿ ಗೋಡೆಗೆ ಒತ್ತುತ್ತದೆ, ನಡುವೆ ಸಿಕ್ಕ ನಾಳಗಳು ಹಿಂಡಿಕೊಂಡು ನೀರು ಮೇಲಕ್ಕೆ ಸರಿಯುತ್ತದೆ. ಕೈ ಬಿಟ್ಟಾಗ ಒತ್ತಡವೂ ಇಳಿಯುತ್ತದೆ. ಹಾಗಾಗಿ ಬ್ಯಾಂಡೇಜ್ ಕಟ್ಟಿಕೊಂಡು ಸುಮ್ಮನೆ ಕೂತರೆ ಅರ್ಧ ಕೆಲಸವೂ ಆಗುವುದಿಲ್ಲ. ಚಪಾತಿ ಲಟ್ಟಿಸಿ, ಬಟ್ಟೆ ಮಡಚಿ, ಮುಷ್ಟಿ ಹಿಡಿದು ಬಿಡಿ.

ಸುತ್ತುವ ಕ್ರಮವೂ ಹೇಳುತ್ತೇನೆ, ಆದರೆ ಕಲಿತವರು ಕೈಹಿಡಿದು ತೋರಿಸಿದ ಮೇಲೆಯೇ ಮಾಡಿ. ಮೊದಲು ಚರ್ಮಕ್ಕೆ ಹತ್ತಿಯ ತೆಳು ತೋಳು, ಬೆರಳುಗಳಿಗೆ ಒಂದೊಂದಾಗಿ ತೆಳು ಗಾಸ್, ಅದರ ಮೇಲೆ ಮೆತ್ತನೆಯ ಹತ್ತಿ ಸುರುಳಿ ಅಥವಾ ಫೋಮ್, ಎಲ್ಲದರ ಮೇಲೆ ಬ್ಯಾಂಡೇಜು. ಬೆರಳ ಕಡೆ ಬಿಗಿ ಹೆಚ್ಚು, ಭುಜದ ಕಡೆ ಕಡಿಮೆ. ಬೆರಳು ನೀಲಿಗಟ್ಟಿದರೆ, ಜುಮುಜುಮು ಎಂದರೆ, ನೋವಾದರೆ ಆ ಕ್ಷಣ ಬಿಚ್ಚಿ. ಕಾಲು ಊದಿದವರಿಗೆ ಸಕ್ಕರೆ ಕಾಯಿಲೆಯಿದ್ದರೆ, ಹೃದಯ ದುರ್ಬಲವಿದ್ದರೆ, ಕಾಲಿಗೆ ರಕ್ತ ಸರಿಯಾಗಿ ಬರದಿದ್ದರೆ ಡಾಕ್ಟರು ನೋಡದೆ ಬಿಗಿ ಕಟ್ಟಲೇಬಾರದು.

6. ಸ್ಲೀವ್ ಕೊಳ್ಳುವುದು ಊತ ಇಳಿದ ಮೇಲೆ

ಊದಿದ ಕೈಗೆ ಅಳತೆ ಕೊಟ್ಟು ಸ್ಲೀವ್, ಅಂದರೆ ಕೈಗೆ ತೊಡುವ ಬಿಗಿ ತೋಳು, ತಂದರೆ ಅದು ಊತವನ್ನು ಊದಿದಲ್ಲೇ ಕಾಯುತ್ತದೆ. ಮೊದಲು ಬ್ಯಾಂಡೇಜಿನಲ್ಲಿ ಇಳಿಸಿ, ಆಮೇಲೆ ಬೆಳಗಿನ ಹೊತ್ತು ಅಳತೆ ಕೊಡಿ. ಮಣಿಕಟ್ಟಿಗೆ ನಿಂತುಹೋಗುವ ಸ್ಲೀವ್ ಕೆಲವರಿಗೆ ನೀರನ್ನು ಅಂಗೈಗೆ ತಳ್ಳುತ್ತದೆ, ಅಂಥವರಿಗೆ ಗ್ಲೌಸೂ ಬೇಕು. ಕೈ ಆಕಾರ ಏರುಪೇರಾಗಿದ್ದರೆ ರೆಡಿಮೇಡ್ ಬೇಡ, ಅಳತೆಗೆ ನೇಯ್ದ ಫ್ಲಾಟ್ ನಿಟ್ ಬಟ್ಟೆಯದು ತರಿಸಿ. ದುಬಾರಿ, ಆದರೆ ಮೂರು ಸಲ ಅಗ್ಗದ್ದು ಕೊಂಡು ಎಸೆಯುವುದಕ್ಕಿಂತ ವಾಸಿ.

ಎರಡು ಇಟ್ಟುಕೊಳ್ಳಿ, ಒಂದು ಮೈಮೇಲೆ, ಒಂದು ಒಗೆಯಲು. ಮೆದು ಸೋಪಿನಲ್ಲಿ ಒಗೆದು ನೆರಳಲ್ಲಿ ಒಣಗಿಸಿ, ಮಳೆಯ ದಿನ ಬೇಗ ಒಣಗಲೆಂದು ಇಸ್ತ್ರಿ ಪೆಟ್ಟಿಗೆ ಹತ್ತಿರವೂ ತರಬೇಡಿ. ಸುಮಾರು ಆರು ತಿಂಗಳಿಗೆ ಬಿಗಿ ಸಡಿಲುತ್ತದೆ, ಆಗ ಬದಲಿಸಲೇಬೇಕು. ಹಗಲು ಹಾಕುವ ಸ್ಲೀವನ್ನು ರಾತ್ರಿ ತೆಗೆದು ಮಲಗಿ.

7. ಚರ್ಮ ಕಾಯಿರಿ

ನಿಂತ ದುಗ್ಧರಸ ಬ್ಯಾಕ್ಟೀರಿಯಾಕ್ಕೆ ಹಬ್ಬದೂಟ. ಅಡುಗೆಮನೆಯಲ್ಲೇ ಅಪಾಯ ಹೆಚ್ಚು: ಒಗ್ಗರಣೆಯ ಸಾಸಿವೆ ಸಿಡಿಯುವುದು, ತುರಿಮಣೆಯ ಹಲ್ಲು, ಕುಕ್ಕರಿನ ಹಬೆ. ಒಗ್ಗರಣೆಗೆ ಊದದ ಕೈ, ಪಾತ್ರೆ ತೊಳೆಯಲು ರಬ್ಬರ್ ಗ್ಲೌಸ್, ಗುಲಾಬಿ ಗಿಡ ಕತ್ತರಿಸುವಾಗ ದಪ್ಪ ಗ್ಲೌಸ್. ಸ್ನಾನವಾದ ಮೇಲೆ ಒರಸಿ ಮಾಯಿಶ್ಚರೈಸರ್ ಅಥವಾ ಕೊಬ್ಬರಿ ಎಣ್ಣೆ. ಗೀರು ಬಿದ್ದರೆ ಆಗಲೇ ತೊಳೆದು ಆಂಟಿಸೆಪ್ಟಿಕ್ ಹಚ್ಚಿ. ರಕ್ತ ತೆಗೆಯಲು, ಡ್ರಿಪ್ ಹಾಕಲು ಇನ್ನೊಂದು ಕೈ ಕೊಡಿ. ಒಂದು ಲ್ಯಾಬಿನಲ್ಲಿ ನಾನು ಬೇಡವೆನ್ನುವ ಮೊದಲೇ ಎಡಗೈಗೆ ಸೂಜಿ ಚುಚ್ಚಿಬಿಟ್ಟಿದ್ದರು. ಈಗ ಕುರ್ಚಿಯಲ್ಲಿ ಕೂರುವ ಮೊದಲೇ ಬಲಗೈ ಚಾಚುತ್ತೇನೆ.

ಕಾಲಿನವರಿಗೆ ಬೆರಳ ಸಂದಿಯೇ ಬಾಗಿಲು. ಜೂನ್‌ನಿಂದ ಅಕ್ಟೋಬರ್‌ವರೆಗೆ ನಮ್ಮ ಊರಿನ ಒದ್ದೆಯಲ್ಲಿ ಅಲ್ಲಿ ಬೂಸ್ಟು ಕಟ್ಟಿ ಬಿರಿಯುತ್ತದೆ, ಬಿರುಕಿನಲ್ಲಿ ಸೋಂಕು ನುಗ್ಗುತ್ತದೆ. ದಿನಕ್ಕೊಮ್ಮೆ ಸೋಪಿನಲ್ಲಿ ತೊಳೆದು, ಒಂದೊಂದು ಸಂದಿಯನ್ನೂ ತೆಳು ಬಟ್ಟೆಯಲ್ಲಿ ಒತ್ತಿ ಒರಸಿ. ಬಿಳುಪಾಗಿ ತುರಿಸಿದರೆ ಫಂಗಸ್ ಮುಲಾಮು ಕೇಳಿ ಹಚ್ಚಿ. ಗುಡಿಯಿಂದ ಬಂದ ಕೂಡಲೇ ಕಾಲು ತೊಳೆಯಿರಿ.

8. ಜ್ವರ, ಕೆಂಪು, ಬಿಸಿ: ಕಾಯಬೇಡಿ

ಚಳಿ ಹುಟ್ಟಿ ಜ್ವರ ಬಂದು, ಕೈಯೋ ಕಾಲೋ ಕೆಂಪಾಗಿ ಸುಡುತ್ತಿದ್ದರೆ ಅದು ಸೆಲ್ಯುಲೈಟಿಸ್ ಎಂಬ ಚರ್ಮದ ಸೋಂಕು. ಬೆಳಗಾಗಲಿ ಎನ್ನಬೇಡಿ, ರಾತ್ರಿಯೇ ಹೋಗಿ ಆಂಟಿಬಯೋಟಿಕ್ ಶುರುಮಾಡಿಸಿ. ಆ ದಿನಗಳಲ್ಲಿ ಮಸಾಜ್ ಬೇಡ, ಬ್ಯಾಂಡೇಜ್ ಡಾಕ್ಟರು ಹೇಳಿದ ಮೇಲೆ. ಒಂದು ಸಲ ಬಂದರೆ ಉಳಿದ ನಾಳಗಳೂ ಕೆಡುತ್ತವೆ, ಊತ ಏರುತ್ತದೆ, ಮತ್ತೆ ಸೋಂಕು ಬರುತ್ತದೆ. ಈ ಸುತ್ತನ್ನು ಮುರಿಯುವ ದಾರಿಗಳಿವೆ. ಪದೇ ಪದೇ ಕಾಲಿಗೆ ಸೆಲ್ಯುಲೈಟಿಸ್ ಆಗುವವರಿಗೆ ಬ್ರಿಟನ್ನಿನಲ್ಲಿ ಒಂದು ವರ್ಷ ಕಡಿಮೆ ಪ್ರಮಾಣದ ಪೆನಿಸಿಲಿನ್ ಕೊಟ್ಟು ನೋಡಿದರು. ಆ ವರ್ಷ ಮರುಕಳಿಸಿದ್ದು ಶೇ 22 ಮಂದಿಗೆ, ಕೊಡದವರಲ್ಲಿ ಶೇ 37. ಅದು 2013ರ ಫಲಿತಾಂಶ. 2020ರಲ್ಲಿ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಿಂದ ಇನ್ನೂ ಸರಳವಾದದ್ದು ಬಂತು: ಊದಿದ ಕಾಲಿಗೆ ಬಿಗಿ ಸ್ಟಾಕಿಂಗ್ಸ್ ಹಾಕಿಸಿದವರಲ್ಲಿ ಶೇ 15, ಹಾಕಿಸದವರಲ್ಲಿ ಶೇ 40. ವ್ಯತ್ಯಾಸ ಇಷ್ಟಿದ್ದದ್ದರಿಂದ ಅಧ್ಯಯನವನ್ನೇ ನಡುವೆ ನಿಲ್ಲಿಸಿದರು. ವರ್ಷಕ್ಕೆ ಎರಡು ಸಲ ಜ್ವರ ಬರುತ್ತಿದ್ದರೆ ಈ ಎರಡನ್ನೂ ನಿಮ್ಮ ಡಾಕ್ಟರ ಹತ್ತಿರ ಕೇಳಿ.

9. ಭಾರ ಎತ್ತಿ

"ಆ ಕೈಯಲ್ಲಿ ಏನೂ ಹಿಡೀಬೇಡಮ್ಮ" ಎಂದು ಮನೆಯವರೆಲ್ಲ ಹೇಳುತ್ತಿದ್ದರು. ಎರಡು ವರ್ಷ ತೊಗರಿಬೇಳೆ ಡಬ್ಬಿಯನ್ನೂ ಬಲಗೈಯಲ್ಲೇ ಇಳಿಸಿದೆ. ಭುಜ ಮರಗಟ್ಟಿತು, ಊತ ಏನೂ ಇಳಿಯಲಿಲ್ಲ. 2009ರಲ್ಲಿ ಅಮೆರಿಕದ ಕ್ಯಾಥರಿನ್ ಶ್ಮಿಟ್ಜ್ ತಂಡ ಕೈ ಊದಿದ 141 ಹೆಂಗಸರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ವಾರಕ್ಕೆರಡು ಸಲ ನಿಧಾನವಾಗಿ ಹೆಚ್ಚಿಸುತ್ತ ಭಾರ ಎತ್ತಿಸಿತು. ಅವರ ಊತ ಏರಲಿಲ್ಲ. ದಿಢೀರ್ ಉಲ್ಬಣ ಅವರಲ್ಲಿ ಶೇ 14, ಎತ್ತದವರಲ್ಲಿ ಶೇ 29. ಎಲ್ಲರೂ ಸ್ಲೀವ್ ಹಾಕಿಕೊಂಡೇ ಎತ್ತಿದ್ದರು.

ನಾನು ಅರ್ಧ ಕೆ.ಜಿ.ಯಿಂದ ಶುರುಮಾಡಿದೆ, ವಾರಗಟ್ಟಲೆ ಅಲ್ಲೇ ನಿಂತು ಮುಂದೆ ಹೋದೆ. ಜೆ.ಪಿ. ನಗರದ ಮಿನಿ ಫಾರೆಸ್ಟಿನಲ್ಲಿ ಬೆಳಿಗ್ಗೆ ಕೈಬೀಸಿ ನಡೆಯುತ್ತೇನೆ, ಹೊಟ್ಟೆಯಿಂದ ಆಳವಾಗಿ ಉಸಿರಾಡುತ್ತ. ಆ ಉಸಿರು ಎದೆಯೊಳಗಿನ ದೊಡ್ಡ ನಾಳವನ್ನು ಮೇಲಕ್ಕೆ ಎಳೆಯುವ ಪಂಪು. ಆದರೆ ತರಕಾರಿ ಚೀಲವನ್ನು ಒಂದೇ ಕೈಗೆ ನೇತುಹಾಕಿಕೊಂಡು ಮಾರ್ಕೆಟ್ಟಿನಿಂದ ಮನೆತನಕ ನಡೆಯುವುದು ವ್ಯಾಯಾಮವಲ್ಲ, ಅದಕ್ಕೆ ಗಾಲಿಯ ಚೀಲ. ತೂಕ ಹೆಚ್ಚಿದ್ದರೆ ಇಳಿಸಿ. ಬೊಜ್ಜು ಊತವನ್ನು ಹೆಚ್ಚಿಸುವ ದೊಡ್ಡ ಕಾರಣಗಳಲ್ಲೊಂದು.

10. ಕಾಸರಗೋಡಿನತ್ತ ನೋಡಿ

ಇಡೀ ಭಾರತದಲ್ಲಿ ಈ ಕಾಯಿಲೆಯನ್ನೇ ಹಿಡಿದು ಎರಡು ದಶಕ ಮೀರಿ ದುಡಿದ ಜಾಗವೊಂದು ಕನ್ನಡ ಮಾತಾಡುವ ಗಡಿಯಲ್ಲೇ ಇದೆ ಎಂಬುದು ನಮ್ಮಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ. ಕಾಸರಗೋಡಿನ ಉಳಿಯತ್ತಡ್ಕದಲ್ಲಿ ಚರ್ಮವೈದ್ಯ ಡಾ. ಎಸ್.ಆರ್. ನರಹರಿ ಅವರು 1999ರಲ್ಲಿ ಕಟ್ಟಿದ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿ ಅದು. ಚರ್ಮವೈದ್ಯರು, ಆಯುರ್ವೇದ ವೈದ್ಯರು, ಯೋಗ ಕಲಿಸುವವರು ಒಂದೇ ರೋಗಿಯನ್ನು ಒಟ್ಟಿಗೆ ನೋಡುತ್ತಾರೆ. ಆಕ್ಸ್‌ಫರ್ಡಿನ ಪ್ರೊಫೆಸರ್ ಟೆರೆನ್ಸ್ ರಯಾನ್ ಅವರು ಈ ಕೆಲಸಕ್ಕೆ ಬಹುಕಾಲ ಜೊತೆಯಾಗಿದ್ದರು.

ಅಲ್ಲಿನ ಕ್ರಮ ಕೇಳಿದರೆ ಅಜ್ಜಿ ಮನೆಯ ಆರೈಕೆ ಎನಿಸುತ್ತದೆ, ಆದರೆ ಪ್ರತಿ ಹೆಜ್ಜೆಗೂ ಕಾರಣವಿದೆ. ಮೊದಲು ಸೋಪಿನಲ್ಲಿ ತೊಳೆದು ಒಣಗಿಸುವುದು, ಸೋಂಕಿನ ಬಾಗಿಲು ಮುಚ್ಚಲು. ಗಿಡಮೂಲಿಕೆಯ ನೀರಿನಲ್ಲಿ ನೆನೆಸುವುದು, ದಪ್ಪಗಟ್ಟಿದ ಚರ್ಮಕ್ಕೆ. ಮೇಲ್ಮುಖವಾಗಿ ಎಣ್ಣೆ ಸವರುವುದು, ಮಸಾಜಿನ ಮುಂಚೆ ಮತ್ತು ಆಮೇಲೆ ಉಸಿರಿನೊಂದಿಗೆ ಯೋಗ, ಕೊನೆಗೆ ಬ್ಯಾಂಡೇಜು. ಬ್ಯಾಂಡೇಜ್ ಕಟ್ಟಿಕೊಂಡ ಮೇಲೂ ಯೋಗ ಮಾಡಿಸುತ್ತಾರೆ. ಐದನೇ ಸೂತ್ರದಲ್ಲಿ ಹೇಳಿದ ಗೋಡೆ ಮತ್ತು ಸ್ನಾಯುವಿನ ಮಾತು ಇಲ್ಲೂ ಅದೇ. ಮನೆಯ ಒಬ್ಬರು ರೋಗಿಯ ಜೊತೆಗಿದ್ದು ಎಲ್ಲ ಕಲಿತು ಹೋಗಬೇಕು. ನನಗೆ ಬಹಳ ಹಿಡಿಸಿದ್ದು ಇದೇ.

ಈ ಕ್ರಮವನ್ನು ನಮ್ಮ ಕಲಬುರಗಿ ಜಿಲ್ಲೆಯಲ್ಲೂ ಕೇರಳದ ಆಲಪ್ಪುಳದಲ್ಲೂ ಆನೆಕಾಲಿನ ಹಳ್ಳಿಗಳಿಗೆ ಒಯ್ದು ಅವರು 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಕಾಲಿನ ಗಾತ್ರವೂ ಇಳಿದಿತ್ತು, ಜ್ವರದ ಸರದಿಯೂ ಕಡಿಮೆಯಾಗಿತ್ತು. ದಕ್ಷಿಣ ಬೆಂಗಳೂರಿನ ಕಟ್ಟಡದ ಕೆಲಸಕ್ಕೆ, ಅಪಾರ್ಟ್‌ಮೆಂಟಿನ ಕಾವಲಿಗೆ ಕಲಬುರಗಿ, ಯಾದಗಿರಿ, ರಾಯಚೂರಿನ ಕಡೆಯಿಂದ ಬಂದವರಿದ್ದಾರೆ. ನಿಮ್ಮ ಬೀದಿಯಲ್ಲಿ ಯಾರ ಕಾಲಾದರೂ ಹಾಗಿದ್ದರೆ ಈ ಮಾತು ಅವರಿಗೂ ತಲುಪಿಸಿ. ಸರ್ಕಾರ ಊರಲ್ಲಿ ಹಂಚುವ ಆನೆಕಾಲಿನ ಮಾತ್ರೆ ಹುಳುವಿನ ಮರಿಗಳನ್ನು ಕೊಂದು ಹರಡುವುದನ್ನು ತಡೆಯುತ್ತದೆ. ಆಗಲೇ ಊದಿದ ಕಾಲನ್ನು ಇಳಿಸುವುದು ತೊಳೆಯುವ ನೀರು, ಸೋಪು, ಬ್ಯಾಂಡೇಜು.

ಬೆಂಗಳೂರಿನಿಂದ ಮಂಗಳೂರಿನ ಮೇಲೆ ಕಣ್ಣೂರಿಗೆ ಹೋಗುವ ರಾತ್ರಿ ರೈಲು ಕಾಸರಗೋಡಿಗೂ ಹೋಗುತ್ತದೆ.

11. ಇವುಗಳನ್ನು ಬೇಡ ಎನ್ನಿ

ಸೂಜಿ ಚುಚ್ಚಿ ನೀರು ತೆಗೆಸುವುದು. ವಾರದಲ್ಲಿ ವಾಸಿ ಎನ್ನುವ ಎಣ್ಣೆ. ಬಿಸಿ ಶಾಖ. ಪಂಪ್ ಯಂತ್ರವೊಂದೇ ಸಾಕು ಎನ್ನುವವರ ಮಾತು: ಗಾಳಿ ತುಂಬಿ ಒತ್ತುವ ಆ ಯಂತ್ರ ಕೆಲವರಿಗೆ ಸಹಾಯಕ ಹೌದು, ಆದರೆ ಕುತ್ತಿಗೆಯ ಕಡೆ ದಾರಿ ಮಾಡದೆ, ಆಮೇಲೆ ಬ್ಯಾಂಡೇಜ್ ಕಟ್ಟದೆ ಬರೀ ಅದನ್ನೇ ನಂಬಬಾರದು.

ಆಪರೇಷನ್ ಬೇರೆ ಮಾತು. ದುಗ್ಧನಾಳವನ್ನು ಸೂಕ್ಷ್ಮದರ್ಶಕದಡಿ ಸಣ್ಣ ರಕ್ತನಾಳಕ್ಕೆ ಜೋಡಿಸುವುದು, ಬೇರೆಡೆಯ ಗ್ರಂಥಿ ತಂದು ನೆಡುವುದು ಶುರುವಿನ ಹಂತದವರಿಗೆ ಹೆಚ್ಚು ಹೊಂದುತ್ತವೆ. ಕೊಬ್ಬು ತುಂಬಿ ಗಟ್ಟಿಯಾದ ಕೈಗೆ ಸ್ವೀಡನ್ನಿನ ಮಾಲ್ಮೋದಲ್ಲಿ ಹಾಕನ್ ಬ್ರೋರ್ಸನ್ ಕೊಬ್ಬು ಹೀರಿ ತೆಗೆಯುವ ಲೈಪೋಸಕ್ಷನ್ ದಾರಿ ತೋರಿಸಿದರು, ಆದರೆ ಆಮೇಲೆ ಬಾಳಿಡೀ ಸ್ಲೀವ್ ಬಿಡುವಂತಿಲ್ಲ. ಒಪ್ಪುವ ಮೊದಲು ಕೇಳಿ: ನನ್ನದು ಯಾವ ಹಂತ, ನೀವು ಇಂಥವು ಎಷ್ಟು ಮಾಡಿದ್ದೀರಿ, ಆದ ಮೇಲೂ ಸ್ಲೀವ್ ಬೇಕೇ?

12. ಕೇಳುವವರಿಗೆ ಒಂದೇ ಉತ್ತರ ಇಟ್ಟುಕೊಳ್ಳಿ

ಮದುವೆ ಮನೆಯಲ್ಲಿ "ಏನ್ರೀ ಕೈ ಹಿಂಗ್ ಊದ್ಕೊಂಡಿದೆ?" ಎಂದು ಹತ್ತು ಜನ ಕೇಳುತ್ತಾರೆ. "ಆಪರೇಷನ್ ಆಗಿತ್ತು, ನೀರು ನಿಲ್ಲತ್ತೆ, ಪಟ್ಟಿ ಕಟ್ಟಿದ್ರೆ ಇಳಿಯತ್ತೆ" ಎನ್ನುತ್ತೇನೆ. ಅಂಟುಜಾಡ್ಯವಲ್ಲ ಎಂದು ಕೂಡ ಹೇಳುತ್ತೇನೆ, ಯಾಕೆಂದರೆ ಕೇಳದೇ ದೂರ ಸರಿದವರನ್ನೂ ಕಂಡಿದ್ದೇನೆ.

13. ದರ್ಜಿ ಟೇಪು, ಒಂದು ನೋಟ್‌ಬುಕ್

ತಿಂಗಳಿಗೊಮ್ಮೆ, ಒಂದೇ ಹೊತ್ತಿನಲ್ಲಿ, ಎರಡೂ ಕೈ ಅಳೆಯಿರಿ. ಅಂಗೈ, ಮಣಿಕಟ್ಟು, ಮೊಣಕೈಯಿಂದ ಕೆಳಗೆ ಹತ್ತು ಸೆಂ.ಮೀ., ಮೇಲೆ ಹತ್ತು ಸೆಂ.ಮೀ. ಎರಡು ಕೈಗಳ ನಡುವೆ ಎರಡು ಸೆಂ.ಮೀ. ವ್ಯತ್ಯಾಸ ಬಂದರೆ ತೋರಿಸಿ. ಯಾವ ಚಿಕಿತ್ಸೆ ನಿಮಗೆ ಕೆಲಸ ಮಾಡುತ್ತಿದೆ ಎಂದು ಹೇಳುವುದು ಈ ಅಂಕಿಗಳೇ, ಜಾಹೀರಾತಲ್ಲ.

ಎಲ್ಲಕ್ಕಿಂತ ಬೆಲೆಯುಳ್ಳದ್ದು ಆಪರೇಷನ್ನಿಗೆ ಮೊದಲಿನ ಅಳತೆ. ನನ್ನ ಹತ್ತಿರ ಅದಿಲ್ಲ, ನನ್ನ ಎಡಗೈ ಮೊದಲು ಎಷ್ಟಿತ್ತೆಂದು ಹೇಳಲು ಹಳೇ ರವಿಕೆಯ ತೋಳೊಂದೇ ಸಾಕ್ಷಿ. ಕಳೆದ ತಿಂಗಳು ನಮ್ಮ ಎದುರುಮನೆಯವರು ಮರುದಿನ ಅಡ್ಮಿಟ್ ಆಗಬೇಕಿತ್ತು. ಚೀಲ ಕಟ್ಟಿಟ್ಟು ಕೂತಿದ್ದರು. ಟೇಪು ಹಿಡಿದು ಹೋದೆ. "ಇದೆಲ್ಲ ಈಗ್ಯಾಕ್ರೀ?" ಎಂದರು. ಸೆರಗು ಸರಿಸಿ ಎರಡೂ ಕೈ ಚಾಚಿದರು. ಮಣಿಕಟ್ಟು ಹದಿನಾರು, ಮೊಣಕೈ ಕೆಳಗೆ ಇಪ್ಪತ್ತಮೂರೂವರೆ, ಮೇಲೆ ಇಪ್ಪತ್ತೆಂಟು. ಎರಡೂ ಕೈ ಒಂದೇ ಸಮ. ತಾರೀಕು ಹಾಕಿ ಅವರ ಆಸ್ಪತ್ರೆ ಫೈಲಿನ ಮೊದಲ ಹಾಳೆಗೆ ಪಿನ್ ಮಾಡಿ ಬಂದೆ.